ಮೂರು ಗಂಟೆ ಕಾದು ಐದು ನಿಮಿಷ ತೋರಿಸುವಾಗ: ಮನೋವೈದ್ಯರ ಓಪಿಡಿಯಲ್ಲಿ ಏನು ಹೇಳಬೇಕು, ಏನು ಕೇಳಬೇಕು?

ಓದುಗರ ಪ್ರಶ್ನೆ:

"ನನ್ನ ತಮ್ಮನಿಗೆ 29 ವರ್ಷ. ನಾಲ್ಕು ವರ್ಷದ ಹಿಂದೆ ಬೈಪೋಲಾರ್ ಕಾಯಿಲೆ (ಮನಸ್ಸು ಕೆಲವು ಕಾಲ ಅತಿ ಹುರುಪಿನಲ್ಲಿ, ಕೆಲವು ಕಾಲ ತೀರಾ ಕುಗ್ಗಿ ಇರುವ ಕಾಯಿಲೆ) ಅಂತ ಹೇಳಿದರು. ಆಗಿನಿಂದ ಲಿಥಿಯಂ ಮತ್ತು ಒಲಾಂಜಪಿನ್ ಮಾತ್ರೆ ನಡೆಯುತ್ತಿದೆ. ಪ್ರತಿ ತಿಂಗಳು ಅಪ್ಪ ಮತ್ತು ನಾನು ಅವನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ. ಬಸ್ಸಿನಲ್ಲಿ ಎರಡೂವರೆ ಗಂಟೆ, ಅಲ್ಲಿ ಕಾಯುವುದು ಮೂರು ಗಂಟೆ. ಒಳಗೆ ಹೋದರೆ ಐದು ನಿಮಿಷ. 'ನಿದ್ದೆ ಬರುತ್ತಾ? ಊಟ ಸರಿಯಾ? ಮಾತ್ರೆ ತಗೊಳ್ತೀರಾ?' ಅಷ್ಟೇ. ಅದೇ ಮಾತ್ರೆ ಬರೆದು ಕಳಿಸುತ್ತಾರೆ. ಪ್ರತಿ ಸಲ ಬೇರೆ ಡಾಕ್ಟರು. ಹೋದ ಸಲ ಅಪ್ಪ ಅವನ ಮುಂದೆಯೇ 'ಇವನು ಹತ್ತು ದಿನ ಮಾತ್ರೆ ಬಿಟ್ಟಿದ್ದ' ಅಂದುಬಿಟ್ಟರು. ತಮ್ಮ ಸಿಟ್ಟಿನಿಂದ ಎದ್ದು ಹೊರಗೆ ಹೋದ. ಮಾತು ಅಲ್ಲಿಗೇ ನಿಂತಿತು. ತೂಕ ಹನ್ನೊಂದು ಕೆಜಿ ಹೆಚ್ಚಾಗಿದೆ, ಅದನ್ನು ಹೇಳಲು ಆಗಲೇ ಇಲ್ಲ. ಮನೋವೈದ್ಯರು ಅಂದರೆ ಒಂದು ಗಂಟೆಯಾದರೂ ಕೂರಿಸಿ ಮಾತಾಡಿಸಬೇಕಲ್ವಾ? ಇದು ಅಸಡ್ಡೆಯಾ? ಸಾಲ ಮಾಡಿಯಾದರೂ ಖಾಸಗಿಯವರಿಗೆ ತೋರಿಸಬೇಕಾ? ಅಥವಾ ನಾನೊಬ್ಬಳೇ ಹೋಗಿ ಚೀಟಿ ತೋರಿಸಿ ಮಾತ್ರೆ ತಂದರೆ ಸಾಕಾ? ಮನೆಯಲ್ಲಿ ಅವನ ಮದುವೆ ಮಾತು ಶುರುವಾಗಿದೆ. ಅದನ್ನು ಯಾರ ಹತ್ತಿರ ಕೇಳಬೇಕೋ ಗೊತ್ತಿಲ್ಲ. ಇನ್ನೊಂದು, ಎರಡು ತಿಂಗಳಿಂದ ಅವನ ಕೈ ನಡುಗುತ್ತದೆ. ಗೋಡೌನಿನಲ್ಲಿ ಮೂಟೆ ಎತ್ತುವ ಕೆಲಸ. ಸೊಂಟನೋವು ಬಂದಾಗ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಗೊಳ್ತಾನೆ. ಅದರಿಂದೇನೂ ತೊಂದರೆ ಇಲ್ಲ ಅಲ್ವಾ?"

ಹಾವೇರಿ ಜಿಲ್ಲೆಯ ಓದುಗರು

ಉತ್ತರ:

ನಿಮ್ಮ ಪತ್ರದ ಕೊನೆಯ ಎರಡು ಸಾಲಿನಿಂದಲೇ ಶುರು ಮಾಡುತ್ತೇನೆ. ಅದು ಕಾಯುವ ವಿಷಯ ಅಲ್ಲ.

ಲಿಥಿಯಂ ತೆಗೆದುಕೊಳ್ಳುವವರು ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಥರದ ನೋವಿನ ಮಾತ್ರೆಗಳನ್ನು ತಾವಾಗಿಯೇ ತೆಗೆದುಕೊಳ್ಳಬಾರದು. ಲಿಥಿಯಂ ದೇಹದಿಂದ ಹೊರಗೆ ಹೋಗುವುದು ಮೂತ್ರಪಿಂಡದ ಮೂಲಕ. ಈ ನೋವಿನ ಮಾತ್ರೆಗಳು ಆ ದಾರಿಯನ್ನು ನಿಧಾನ ಮಾಡುತ್ತವೆ. ಆಗ ಲಿಥಿಯಂ ರಕ್ತದಲ್ಲಿ ಉಳಿದು ಏರುತ್ತಾ ಹೋಗುತ್ತದೆ. ಬಿಸಿಲಲ್ಲಿ ಮೂಟೆ ಎತ್ತಿ ಬೆವರು ಸುರಿಸಿ, ನೀರು ಕಡಿಮೆ ಕುಡಿದರೆ ಇನ್ನೂ ಬೇಗ ಏರುತ್ತದೆ. ಇವತ್ತೇ ಆ ನೋವಿನ ಮಾತ್ರೆ ನಿಲ್ಲಿಸಿ. ನೋವು ತಡೆಯಲು ಆಗದಿದ್ದರೆ ಬರೀ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸುರಕ್ಷಿತ. ಆದರೆ ಸ್ಟ್ರಿಪ್ಪಿನ ಹಿಂದೆ ಓದಿ. ಅಸಿಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಎರಡೂ ಸೇರಿಸಿದ ಮಾತ್ರೆಗಳು ಅಂಗಡಿಯಲ್ಲಿ ಧಾರಾಳವಾಗಿ ಸಿಗುತ್ತವೆ. ಅವು ಬೇಡ.

ಲಿಥಿಯಂನಿಂದ ಬೆರಳು ಸ್ವಲ್ಪ ನಡುಗುವುದು ಸಾಮಾನ್ಯ. ಹೆಚ್ಚಿನವರಲ್ಲಿ ಅದು ಅಪಾಯದ್ದಲ್ಲ. ಆದರೆ ಎರಡು ತಿಂಗಳಿಂದ ಹೊಸದಾಗಿ ಶುರುವಾಗಿದೆ ಅಂದರೆ ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ನೋಡಲೇಬೇಕು. ಮುಂದಿನ ತಿಂಗಳ ತಾರೀಕಿಗೆ ಕಾಯಬೇಡಿ, ಈ ವಾರವೇ ಹೋಗಿ. ನಡುಕ ಜೋರಾಗಿ ಲೋಟ ಹಿಡಿಯಲು ಆಗದಿದ್ದರೆ, ವಾಂತಿ ಭೇದಿ ಶುರುವಾದರೆ, ಮಾತು ತೊದಲಿದರೆ, ನಡೆಯುವಾಗ ತೂರಾಡಿದರೆ, ತೀರಾ ಮಂಪರಾದರೆ ಓಪಿಡಿ ದಿನದ ಮಾತೇ ಇಲ್ಲ. ಮುಂದಿನ ಲಿಥಿಯಂ ಮಾತ್ರೆ ಕೊಡದೆ ನೇರ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಇವು ಯಾವುವೂ ಇಲ್ಲದಿದ್ದರೆ ಲಿಥಿಯಂ ಅನ್ನು ನೀವಾಗಿ ನಿಲ್ಲಿಸಬೇಡಿ. ತಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಬಹಳ ಹೆಚ್ಚು.

ಈಗ ನೋಡಿ. ಡಾಕ್ಟರಿಗೆ ಎಲ್ಲಕ್ಕಿಂತ ಮೊದಲು ಗೊತ್ತಾಗಬೇಕಾಗಿದ್ದ ಸಂಗತಿ ನಿಮ್ಮ ಪತ್ರದಲ್ಲಿ "ಇನ್ನೊಂದು" ಅಂತ ಕೊನೆಗೆ ಬಂತು. ಓಪಿಡಿಯಲ್ಲೂ ದಿನವೂ ಹೀಗೇ ಆಗುತ್ತದೆ. ಎದ್ದು ಬಾಗಿಲ ಹತ್ತಿರ ಹೋದವರು ತಿರುಗಿ, "ಡಾಕ್ಟ್ರೇ, ಇನ್ನೊಂದು ವಿಷಯ" ಅನ್ನುತ್ತಾರೆ. ಎಷ್ಟೋ ಸಲ ಅದೇ ಮುಖ್ಯ ವಿಷಯ. ಅದಕ್ಕೆ ನೀವು ಕಾರಣ ಅಂತ ನಾನು ಹೇಳುತ್ತಿಲ್ಲ. ನೋವಿನ ಮಾತ್ರೆಗೂ ಮನಸ್ಸಿನ ಮಾತ್ರೆಗೂ ಸಂಬಂಧ ಇದೆ ಅಂತ ನಿಮಗೆ ಯಾರೂ ಹೇಳಿಲ್ಲ. ಹೇಳಬೇಕಾಗಿದ್ದವರು ಮನೋವೈದ್ಯರಾದ ನಾವು. ಆದರೆ ಇರುವ ಐದು ನಿಮಿಷದಲ್ಲಿ ಯಾವ ಮಾತು ಮೊದಲು ಬರುತ್ತದೆ ಅನ್ನುವುದರ ಮೇಲೆ ಚಿಕಿತ್ಸೆಯೇ ನಿಂತಿರುತ್ತದೆ. ನಿಮ್ಮ ಎಲ್ಲ ಪ್ರಶ್ನೆಗಳಿಗೂ ಉತ್ತರ ಇಲ್ಲಿಂದಲೇ ಹೊರಡುತ್ತದೆ.

ಇದು ಅಸಡ್ಡೆಯಾ ಅಂತ ಕೇಳಿದ್ದೀರಿ. ಸಮಯ ಕಡಿಮೆ ಅಂದ ಮಾತ್ರಕ್ಕೆ ಅಸಡ್ಡೆ ಅಲ್ಲ. ಬೈಪೋಲಾರ್ ಇರುವವರನ್ನು "ನಿದ್ದೆ ಬರುತ್ತಾ?" ಅಂತ ಕೇಳುವುದು ಬಾಯಿಮಾತಿನ ಉಪಚಾರ ಅಲ್ಲ. ಈ ಕಾಯಿಲೆ ಮತ್ತೆ ಏರುವಾಗ ಹೆಚ್ಚಾಗಿ ಮೊದಲು ಸುಳಿವು ಕೊಡುವುದೇ ನಿದ್ದೆ. ಮೂರು ಗಂಟೆ ಮಲಗಿ ಎದ್ದರೂ ದಣಿವೇ ಇಲ್ಲ, ಮೈಯಲ್ಲಿ ಹುಮ್ಮಸ್ಸು ಅಂದರೆ ನಮಗೆ ಗಂಟೆ ಬಾರಿಸಿದ ಹಾಗೆ. ನಿಮ್ಮ ತಮ್ಮ ಆ ಪ್ರಶ್ನೆಗೆ ಉತ್ತರ ಕೊಡುವಾಗ ಡಾಕ್ಟರು ಬೇರೆ ಹತ್ತು ಸಂಗತಿ ಗಮನಿಸುತ್ತಿರುತ್ತಾರೆ. ಮಾತಿನ ವೇಗ, ಬಟ್ಟೆ, ಕಣ್ಣು, ಕೂರುವ ರೀತಿ, ನಡಿಗೆ, ಮುಖದಲ್ಲಿ ಭಾವ ಇದೆಯೋ ಇಲ್ಲವೋ. ಸ್ಥಿರವಾಗಿರುವ ರೋಗಿಯಲ್ಲಿ "ಈ ತಿಂಗಳು ಮಾತ್ರೆ ಬದಲಿಸುವ ಅಗತ್ಯ ಇಲ್ಲ" ಅಂತ ನಿರ್ಧರಿಸಲು ಇಷ್ಟು ಸಾಕಾಗಬಹುದು.

ಆದರೆ ಐದು ನಿಮಿಷ ಸಾಕು ಅಂತ ವಾದ ಮಾಡಲು ನಾನು ಬಂದಿಲ್ಲ. ಅದರಲ್ಲಿ ಕೈ ನೋಡಬೇಕಿತ್ತು. ತೂಕ ನೋಡಬೇಕಿತ್ತು. ಬೇರೆ ಏನಾದರೂ ಮಾತ್ರೆ ತಗೊಳ್ತೀರಾ ಅಂತ ಕೇಳಬೇಕಿತ್ತು. ಲಿಥಿಯಂ ಮೇಲಿರುವ ಪ್ರತಿಯೊಬ್ಬರಿಗೂ ಕೇಳಲೇಬೇಕಾದ ಪ್ರಶ್ನೆ ಅದು. ಅಲ್ಲಿ ತಪ್ಪಿದೆ.

ಯಾಕೆ ತಪ್ಪುತ್ತದೆ? ಸುಮ್ನೆ ಲೆಕ್ಕ ಹಾಕಿ. ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ 240 ನಿಮಿಷ. ಒಬ್ಬ ಡಾಕ್ಟರ ಮುಂದೆ 40 ಫೈಲು ಇದ್ದರೆ ಒಬ್ಬರಿಗೆ ಆರು ನಿಮಿಷ. ಫೈಲು ತೆರೆಯುವುದು, ಬರೆಯುವುದು, ಬಾಗಿಲಲ್ಲಿ ಇಣುಕಿದವರಿಗೆ ಉತ್ತರ ಹೇಳುವುದು ಎಲ್ಲ ಇದರಲ್ಲೇ ಬಂತು. ನಮ್ಮ ದೇಶದಲ್ಲಿ ಒಂದು ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ, ಸುಮಾರು 0.75. ಇಷ್ಟಾಗಿಯೂ ಇವತ್ತು ಕ್ಯೂನಲ್ಲಿ ನಿಂತಿರುವವರು ಅದೃಷ್ಟವಂತರ ಕಡೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಬೈಪೋಲಾರ್ ಇರುವವರಲ್ಲಿ ಶೇ 70ರಷ್ಟು ಮಂದಿ ಚಿಕಿತ್ಸೆಯ ಹೊರಗೇ ಇದ್ದರು. ಅವರೂ ಬಂದರೆ ಕ್ಯೂ ಎಷ್ಟುದ್ದ ಆಗುತ್ತದೆ ಯೋಚಿಸಿ. ಇದು ಮನೋವೈದ್ಯ ವಿಭಾಗದ ಕಥೆ ಮಾತ್ರವಲ್ಲ. 67 ದೇಶಗಳ ಮಾಹಿತಿ ಸೇರಿಸಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಸಾಮಾನ್ಯ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ ಸರಾಸರಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಭಾರತ ಬಾಂಗ್ಲಾದೇಶದ ಹತ್ತಿರವೇ ಇತ್ತು, ಎರಡು ಚಿಲ್ಲರೆ ನಿಮಿಷ.

ಜನ ಹೆಚ್ಚು ಅನ್ನುವುದು ಅರ್ಧ ಕಾರಣ ಅಷ್ಟೆ. ಡಾಕ್ಟರ ಕೈಯಲ್ಲಿರುವ ನಿಮಿಷಗಳು ಡಾಕ್ಟರೇ ಮಾಡಬೇಕಾದ ಕೆಲಸಕ್ಕೆ ಹೋಗುತ್ತಿಲ್ಲ ಅನ್ನುವುದು ಇನ್ನರ್ಧ. ನನಗೆ ನಿಜವಾಗಿ ಸಂಕಟ ಆಗುವುದು ಇದರ ಬಗ್ಗೆ. ತೂಕ ಮತ್ತು ಬಿಪಿಯನ್ನು ಸಿಸ್ಟರ್ ಹೊರಗೇ ನೋಡಿ ಬರೆಯಬಹುದು. ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಬಂದವರಿಗೆ ಬೇರೆ ದಿನ ಇಡಬಹುದು. ವರ್ಷಗಟ್ಟಲೆ ಸ್ಥಿರವಾಗಿರುವವರಿಗೆ ಎರಡು ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಬಹುದು. ಲಿಥಿಯಂ ತಗೊಳ್ಳುವವರು ನೀರು, ಉಪ್ಪು, ನೋವಿನ ಮಾತ್ರೆ ವಿಷಯದಲ್ಲಿ ಏನು ಎಚ್ಚರ ವಹಿಸಬೇಕು ಅನ್ನುವುದನ್ನು ಕಾಯುವ ಹಾಲಿನಲ್ಲೇ ಒಬ್ಬ ಸಮಾಜ ಕಾರ್ಯಕರ್ತರು ಮೂವತ್ತು ಕುಟುಂಬಕ್ಕೆ ಒಟ್ಟಿಗೆ ಅರ್ಧ ಗಂಟೆ ಹೇಳಬಹುದು. ಡಾಕ್ಟರು ಒಳಗೆ ಮೂವತ್ತು ಸಲ ಅವಸರದಲ್ಲಿ ಹೇಳುವುದಕ್ಕಿಂತ, ಅಥವಾ ಹೇಳದೇ ಬಿಡುವುದಕ್ಕಿಂತ, ಇದು ಎಷ್ಟೋ ಮೇಲು. ಹೊಸ ಯೋಚನೆಯೂ ಅಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡರು. ಎಲ್ಲರನ್ನೂ ಕೂರಿಸಿ ಕಾಯಿಲೆಯ ಬಗ್ಗೆ ಮಾತಾಡುತ್ತಿದ್ದರು. ಆಸ್ಪತ್ರೆಯಲ್ಲಿ ವೈದ್ಯರು ಬೆರಳೆಣಿಕೆಯಷ್ಟು ಇದ್ದ ಕಾಲ ಅದು. ನಮ್ಮ ನಿಮ್ಹಾನ್ಸ್ ಕೂಡ 1970ರ ದಶಕದಲ್ಲೇ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ, ಆಮೇಲೆ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನು ಮಾಡಿ ತೋರಿಸಿತು. ತರಬೇತಿ ಕೊಟ್ಟರೆ ಊರಿನ ಆರೋಗ್ಯ ಕಾರ್ಯಕರ್ತರು ಮತ್ತು ಸಾಮಾನ್ಯ ವೈದ್ಯರೇ ಹೆಚ್ಚಿನ ರೋಗಿಗಳ ಮುಂದಿನ ಆರೈಕೆ ನೋಡಿಕೊಳ್ಳಬಲ್ಲರು ಅಂತ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿ ಮಾದರಿಯೇ ತಳಪಾಯ. ದಾರಿ ತೋರಿಸಿದ ರಾಜ್ಯದಲ್ಲೇ ನೀವು ತಿಂಗಳಿಗೊಮ್ಮೆ ಐದು ಗಂಟೆ ಬಸ್ಸಿನಲ್ಲಿ ಕೂರಬೇಕಾಗಿದೆ. ಇದು ಬದಲಾಗಲೇಬೇಕು. ಆದರೆ ಅದು ಬದಲಾಗುವವರೆಗೆ ನಿಮ್ಮ ತಮ್ಮನ ಕೈ ನಡುಕ ಕಾಯುವುದಿಲ್ಲ. ಹಾಗಾಗಿ ನಿಮ್ಮ ಕೈಯಲ್ಲಿ ಏನಿದೆ ನೋಡೋಣ.

ಮೊದಲು ಒಂದು ತಪ್ಪು ಕಲ್ಪನೆ. ಮನೋವೈದ್ಯರು ಅಂದರೆ ಗಂಟೆಗಟ್ಟಲೆ ಮಾತಾಡಿಸುವವರು ಅಂತ ತುಂಬಾ ಜನ ತಿಳಿದಿದ್ದಾರೆ. ಮೊದಲ ಸಲ ಬಂದಾಗ ಅದು ನಿಜ. ಆಗ ಪೂರ್ತಿ ಇತಿಹಾಸ ಕೇಳಲು ಮುಕ್ಕಾಲು ಗಂಟೆ, ಒಂದು ಗಂಟೆ ಬೇಕೇ ಬೇಕು. ಅದನ್ನು ಐದು ನಿಮಿಷದಲ್ಲಿ ಮುಗಿಸಿದರೆ ನೀವು ಪ್ರಶ್ನೆ ಮಾಡಲೇಬೇಕು. ಆದರೆ ತಿಂಗಳ ಭೇಟಿ ಬೇರೆ. ಅಲ್ಲಿ ಮನೋವೈದ್ಯರ ಕೆಲಸ ಕಾಯಿಲೆ ಎಲ್ಲಿದೆ, ಮಾತ್ರೆ ಕೆಲಸ ಮಾಡುತ್ತಿದೆಯಾ, ಅಡ್ಡಪರಿಣಾಮ ಏನು, ಅಪಾಯ ಇದೆಯಾ ಅಂತ ನೋಡುವುದು. ಕೂತು ಮಾತಾಡುವ ಚಿಕಿತ್ಸೆಗೆ ಮನಶ್ಶಾಸ್ತ್ರಜ್ಞರು ಇರುತ್ತಾರೆ. ಮನೆಯ ಜಗಳ, ಕೆಲಸ, ಪಿಂಚಣಿ, ಮದುವೆ ಇಂಥದ್ದಕ್ಕೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು. ಜಿಲ್ಲಾ ಕಾರ್ಯಕ್ರಮದ ತಂಡದಲ್ಲಿ ಈ ಇಬ್ಬರ ಹುದ್ದೆಯೂ ಇದೆ. ಹುದ್ದೆ ಖಾಲಿ ಇರಬಹುದು, ಅದು ಬೇರೆ ಮಾತು. ಆದರೆ ಕೇಳದಿದ್ದರೆ ಇದ್ದವರೂ ಸಿಗುವುದಿಲ್ಲ.

ಪ್ರತಿ ಸಲ ಬೇರೆ ಡಾಕ್ಟರು ಸಿಗುವುದಕ್ಕೂ ಸ್ವಲ್ಪ ಮಟ್ಟಿಗೆ ಪರಿಹಾರ ಇದೆ. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ನಿಮ್ಮನ್ನು ನೋಡುವ ಪಿಜಿ (ಇನ್ನೂ ಮನೋವೈದ್ಯಕೀಯ ಓದುತ್ತಿರುವ) ಡಾಕ್ಟರುಗಳು ಕೆಲವು ತಿಂಗಳಿಗೊಮ್ಮೆ ಬದಲಾಗುತ್ತಾರೆ. ಅವರ ಮೇಲಿನ ಹಿರಿಯ ವೈದ್ಯರು ಬದಲಾಗುವುದಿಲ್ಲ. ಹಲವು ಕಡೆ ಪ್ರತಿ ಯೂನಿಟ್ಟಿಗೂ, ಅಂದರೆ ಹಿರಿಯ ವೈದ್ಯರ ತಂಡಕ್ಕೂ, ವಾರದಲ್ಲಿ ಅದರದ್ದೇ ದಿನ ಇರುತ್ತದೆ. ನಿಮ್ಮ ಬುಕ್ಕಿನ ಮೇಲೆ ಯೂನಿಟ್ ಬರೆದಿರುತ್ತಾರೆ. ಆ ದಿನವೇ ಹೋಗಿ. ಬೇರೆ ದಿನ ಹೋದರೆ ನಿಮ್ಮ ತಮ್ಮನನ್ನು ಒಮ್ಮೆಯೂ ನೋಡದವರು ಮಾತ್ರೆ ಬರೆಯುತ್ತಾರೆ. ಸಹಜವಾಗಿಯೇ ಅವರು ಹಳೆಯದನ್ನೇ ಮುಂದುವರಿಸುತ್ತಾರೆ. "ಅದೇ ಮಾತ್ರೆ ಬರೆದು ಕಳಿಸುತ್ತಾರೆ" ಅನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಈಗ ಡಾಕ್ಟರಿಗೆ ಕೊಡಲು ಮನೆಯಲ್ಲೇ ಬರೆದುಕೊಂಡು ಹೋಗುವ ಚೀಟಿಯ ವಿಷಯಕ್ಕೆ ಬರುತ್ತೇನೆ. ನಾನು ಎಲ್ಲಕ್ಕಿಂತ ಹೆಚ್ಚು ನಂಬಿರುವುದು ಇದನ್ನು. ಹೋಗುವ ಹಿಂದಿನ ದಿನ ರಾತ್ರಿ ಅರ್ಧ ಹಾಳೆ ತಗೊಂಡು ತಮ್ಮನ ಜೊತೆ ಕೂತು ಬರೆಯಿರಿ. ಕಥೆ ಬೇಡ, ಎಂಟು ಹತ್ತು ಸಾಲು ಸಾಕು. ನಿಮ್ಮ ಪತ್ರದಿಂದಲೇ ಒಂದು ಮಾದರಿ ಮಾಡುತ್ತೇನೆ.

"ಇವತ್ತಿನ ಮುಖ್ಯ ವಿಷಯ: ಎರಡು ತಿಂಗಳಿಂದ ಎರಡೂ ಕೈ ನಡುಕ. ಲೋಟ ಹಿಡಿದಾಗ ಜಾಸ್ತಿ.
ಸೊಂಟನೋವಿಗೆ ಅಂಗಡಿಯಿಂದ ಮಾತ್ರೆ, ವಾರಕ್ಕೆ ಮೂರು ನಾಲ್ಕು. ಖಾಲಿ ಸ್ಟ್ರಿಪ್ ತಂದಿದ್ದೇವೆ.
ಹೋದ ತಿಂಗಳು ಹತ್ತು ದಿನ ಮಾತ್ರೆ ಬಿಟ್ಟಿದ್ದ. ಈಗ ದಿನವೂ ತಗೊಳ್ತಾನೆ.
ತೂಕ: ಮಾತ್ರೆ ಶುರುವಾದಾಗ 61, ಈಗ 72.
ನಿದ್ದೆ ಏಳೆಂಟು ಗಂಟೆ. ಕೆಲಸಕ್ಕೆ ಹೋಗುತ್ತಾನೆ.
ಲಿಥಿಯಂ ರಕ್ತ ಪರೀಕ್ಷೆ ಕೊನೆಗೆ ಆಗಿದ್ದು: (ತಾರೀಕು). ರಿಪೋರ್ಟ್ ತಂದಿದ್ದೇವೆ.
ನಮ್ಮ ಪ್ರಶ್ನೆ: ತೂಕ ಇಳಿಸಲು ಒಲಾಂಜಪಿನ್ ಬದಲಿಸಬಹುದಾ?"

ನಡುಕ ಎಷ್ಟು ದಿನದಿಂದ, ನೋವಿನ ಮಾತ್ರೆ ವಾರಕ್ಕೆ ಎಷ್ಟು, ತೂಕ ಎಷ್ಟಿತ್ತು ಅನ್ನುವುದನ್ನು ನಿಮ್ಮ ಮನೆಯ ನಿಜವಾದ ಲೆಕ್ಕದಿಂದ ತುಂಬಿಸಿ. ಮುಖ್ಯ ವಿಷಯ ಮೊದಲ ಸಾಲಿನಲ್ಲೇ ಇರಲಿ. 1984ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ರೋಗಿ ಮಾತು ಶುರು ಮಾಡಿದ ಸರಾಸರಿ 18 ಸೆಕೆಂಡಿನಲ್ಲಿ ವೈದ್ಯರು ಮಧ್ಯೆ ಬಾಯಿ ಹಾಕುತ್ತಿದ್ದರು. ಅಂದರೆ ಮೊದಲು ಹೇಳಿದ ವಿಷಯವನ್ನೇ ಹಿಡಿದುಕೊಂಡು ಡಾಕ್ಟರು ಮುಂದೆ ಹೋಗಿಬಿಡುತ್ತಾರೆ. ನೀವು "ಬಸ್ಸು ತಡವಾಯ್ತು" ಅಂತ ಶುರು ಮಾಡಿದರೆ ನಡುಕ ಕೊನೆಗೂ ಬರುವುದಿಲ್ಲ.

ಒಂದು ಭೇಟಿಗೆ ಒಂದು ಮುಖ್ಯ ವಿಷಯ, ಒಂದೆರಡು ಪ್ರಶ್ನೆ. ಅದಕ್ಕಿಂತ ಹೆಚ್ಚು ತಂದರೆ ಯಾವುದೂ ಸರಿಯಾಗಿ ಮುಗಿಯುವುದಿಲ್ಲ. ಉಳಿದದ್ದಕ್ಕೆ ನೇರವಾಗಿ ಹೀಗೆ ಕೇಳಿ: "ಡಾಕ್ಟ್ರೇ, ಇನ್ನೊಂದು ವಿಷಯ ಮಾತಾಡಬೇಕು. ಇವತ್ತು ಆಗಲ್ಲ ಅಂತ ಗೊತ್ತು. ಯಾವ ದಿನ, ಎಷ್ಟು ಹೊತ್ತಿಗೆ ಬಂದರೆ ಸಮಯ ಸಿಗುತ್ತೆ?" ಹೀಗೆ ಕೇಳಿದರೆ ಕೋಪ ಮಾಡಿಕೊಳ್ಳುವ ವೈದ್ಯರು ಕಡಿಮೆ. ಓಪಿಡಿ ಮುಗಿದ ಮೇಲೆ ಬನ್ನಿ ಅನ್ನಬಹುದು, ಸಮಾಜ ಕಾರ್ಯಕರ್ತರ ಹತ್ತಿರ ಕಳಿಸಬಹುದು. ಕಾಯಿಲೆಯ ಹೆಸರೇ ಬದಲಾದರೆ, ಸಾಯುವ ಯೋಚನೆ ಬಂದಿದ್ದರೆ, ಹೊಸದಾಗಿ ಲಿಥಿಯಂ ಅಥವಾ ಕ್ಲೋಜಪಿನ್ ಅನ್ನುವ ಇನ್ನೊಂದು ಮನೋವೈದ್ಯಕೀಯ ಮಾತ್ರೆ ಶುರು ಮಾಡುತ್ತಿದ್ದರೆ ಐದು ನಿಮಿಷಕ್ಕೆ ಒಪ್ಪಿಕೊಳ್ಳಲೇಬೇಡಿ.

ಚೀಟಿಯ ಜೊತೆ ರಕ್ತ ಪರೀಕ್ಷೆಯನ್ನೂ ಮೊದಲೇ ಯೋಚಿಸಿ. ಇಲ್ಲಿ ಎಷ್ಟೊಂದು ಮನೆಗಳ ಒಂದಿಡೀ ದಿನ ಹಾಳಾಗುತ್ತದೆ. ಲಿಥಿಯಂ ಮಟ್ಟ ನೋಡಲು ಕೊನೆಯ ಮಾತ್ರೆ ತಗೊಂಡು 12 ಗಂಟೆ ಆಗಿರಬೇಕು. ರಾತ್ರಿ ಒಂಬತ್ತಕ್ಕೆ ತಗೊಂಡರೆ ಬೆಳಿಗ್ಗೆ ಒಂಬತ್ತರ ಸುಮಾರಿಗೆ ರಕ್ತ ಕೊಡಬೇಕು. ಬೆಳಗಿನ ಲಿಥಿಯಂ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ತಗೊಳ್ಳಬೇಕು. ಬಸ್ಸು ಹತ್ತುವ ಮುಂಚೆ "ಮಾತ್ರೆ ತಪ್ಪಬಾರದು" ಅಂತ ನುಂಗಿಸಿದರೆ ರಿಪೋರ್ಟಿನಲ್ಲಿ ಅಂಕಿ ಸುಳ್ಳೇ ಹೆಚ್ಚಾಗಿ ಕಾಣುತ್ತದೆ. ಡಾಕ್ಟರು ಒಂದೋ ಡೋಸು ಇಳಿಸುತ್ತಾರೆ, ಇಲ್ಲವೇ ಇನ್ನೊಮ್ಮೆ ಬನ್ನಿ ಅನ್ನುತ್ತಾರೆ. ಲಿಥಿಯಂ ಮಟ್ಟ ಸಾಮಾನ್ಯವಾಗಿ 0.6ರಿಂದ 1.0ರ (mEq/L) ಒಳಗೆ ಇರಬೇಕು. 1.5 ದಾಟಿದರೆ ಅಪಾಯ. ಒಲಾಂಜಪಿನ್ ಇರುವುದರಿಂದ ಸಕ್ಕರೆ, ಕೊಬ್ಬಿನ ಪರೀಕ್ಷೆಯೂ ಬೇಕು. ಅದಕ್ಕೆ ಖಾಲಿ ಹೊಟ್ಟೆ. ಹಾಗಾಗಿ ಅವತ್ತು ತಿಂಡಿಯನ್ನೂ ಕಟ್ಟಿಕೊಂಡು ಹೋಗಿ, ರಕ್ತ ಕೊಟ್ಟು ತಿನ್ನಲಿ. ನೀರು ಮಾತ್ರ ಚೆನ್ನಾಗಿ ಕುಡಿಯಲಿ. ಕ್ರಿಯಾಟಿನಿನ್ (ಮೂತ್ರಪಿಂಡದ್ದು) ಮತ್ತು ಥೈರಾಯ್ಡ್ ಪರೀಕ್ಷೆ ಆರು ತಿಂಗಳಿಗೊಮ್ಮೆ ಆಗಬೇಕು. ಇವನ್ನು ನಿಮ್ಮ ತಾಲ್ಲೂಕಿನಲ್ಲೇ ಮಾಡಿಸಿ ರಿಪೋರ್ಟ್ ಕೈಯಲ್ಲಿ ಹಿಡಿದು ಹೋಗಬಹುದು. ಲಿಥಿಯಂ ಮಟ್ಟದ ಪರೀಕ್ಷೆ ಮಾತ್ರ ಸಣ್ಣ ಲ್ಯಾಬುಗಳಲ್ಲಿ ಕಷ್ಟ. ಮೊದಲೇ ಫೋನ್ ಮಾಡಿ ಕೇಳಿ.

ತೂಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಲಾಂಜಪಿನ್ ಹಸಿವು ಹೆಚ್ಚಿಸುತ್ತದೆ, ಇದು ಎಲ್ಲರಿಗೂ ಗೊತ್ತಿರುವ ಅಡ್ಡಪರಿಣಾಮ. ಡೋಸು ಇಳಿಸುವುದು, ಬೇರೆ ಮಾತ್ರೆಗೆ ಬದಲಿಸುವುದು, ಕೆಲವರಲ್ಲಿ ಲಿಥಿಯಂ ಒಂದರಲ್ಲೇ ಮುಂದುವರಿಯುವುದು, ಎಲ್ಲವೂ ಸಾಧ್ಯ. ಆದರೆ ಪ್ರತಿ ಬದಲಾವಣೆಗೂ ಕಾಯಿಲೆ ಮರುಕಳಿಸುವ ಅಪಾಯ ಜೊತೆಗೇ ಇರುತ್ತದೆ. ಅದನ್ನು ತೂಗಿ ನೋಡುವುದಕ್ಕೇ ಡಾಕ್ಟರ ಸಮಯ ಬೇಕಾಗಿರುವುದು.

ಅಪ್ಪ ಮತ್ತು ತಮ್ಮನ ವಿಷಯ. ಇದು ಸೂಕ್ಷ್ಮ. ಹತ್ತು ದಿನ ಮಾತ್ರೆ ಬಿಟ್ಟಿದ್ದು ಡಾಕ್ಟರಿಗೆ ಗೊತ್ತಾಗಲೇಬೇಕು. ಇಲ್ಲದಿದ್ದರೆ "ಈ ಡೋಸು ಸಾಲುತ್ತಿಲ್ಲ" ಅಂತ ಏರಿಸಿಬಿಡಬಹುದು. ಅಪ್ಪ ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ 29 ವರ್ಷದ ಗಂಡಸಿನ ಎದುರಿಗೆ, ಅವನ ಕಾಯಿಲೆಯ ಬಗ್ಗೆ, ಅವನನ್ನು ಬಿಟ್ಟು ಬೇರೆಯವರೇ ಮಾತಾಡಿದರೆ ಅವನಿಗೆ ದೂರು ಹೇಳಿದಂತೆ ಕೇಳುತ್ತದೆ. ನನ್ನ ಅನುಭವದಲ್ಲಿ ಮಾತ್ರೆ ಬಿಡುವವರಲ್ಲಿ ಹೆಚ್ಚಿನವರಿಗೆ ಅವರದ್ದೇ ಕಾರಣ ಇರುತ್ತದೆ. ಮಂಪರು, ತೂಕ, ನಡುಕ, ಕೆಲಸದಲ್ಲಿ ನಿಧಾನ. ನಿಮ್ಮ ತಮ್ಮನಿಗೂ ಕೈ ನಡುಗಿದ್ದಕ್ಕೇ ಬಿಟ್ಟಿರಬಹುದಲ್ವಾ? ಯಾರಾದರೂ ಕೇಳಿದ್ದೀರಾ?

ಮುಂದಿನ ಸಲ ಬಸ್ಸು ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. ಮೊದಲು ತಮ್ಮ ಒಬ್ಬನೇ ಒಳಗೆ ಹೋಗಿ ಎರಡು ನಿಮಿಷ ಮಾತಾಡಲಿ. ಆಮೇಲೆ ನೀವಿಬ್ಬರೂ ಹೋಗಿ. ಮಾತ್ರೆ ಬಿಟ್ಟ ವಿಷಯ ಅವನೇ ಹೇಳಲಿ, ಹೇಳಲು ಕಷ್ಟ ಅಂದರೆ ಚೀಟಿ ಕೊಡಲಿ. ಆ ಚೀಟಿಯಲ್ಲಿ ಏನಿದೆ ಅಂತ ಅವನಿಗೆ ಗೊತ್ತಿರಬೇಕು. ಬೆನ್ನ ಹಿಂದೆ ಗುಟ್ಟಾಗಿ ಬರೆದು ಸಿಸ್ಟರ್ ಕೈಗೆ ಕೊಟ್ಟರೆ ಒಂದು ದಿನ ಗೊತ್ತಾಗುತ್ತದೆ, ಆಮೇಲೆ ನಂಬಿಕೆ ಕೂಡಿಸುವುದು ಕಷ್ಟ. ಒಂದೇ ಅಪವಾದ: ಸಾಯುವ ಮಾತಾಡಿದ್ದರೆ, ಯಾರಿಗಾದರೂ ಹೊಡೆಯಲು ಹೋಗಿದ್ದರೆ, ಎರಡು ಮೂರು ರಾತ್ರಿ ಮಲಗದೆ ಹುರುಪಿನಲ್ಲಿದ್ದರೆ, ಅವನು ಬೇಡ ಅಂದರೂ ಡಾಕ್ಟರಿಗೆ ಹೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ವಿವರವನ್ನು ಗೋಪ್ಯವಾಗಿಡಬೇಕು ಅನ್ನುತ್ತದೆ. ಆದರೆ ನೀವು ಗಮನಿಸಿದ್ದನ್ನು ವೈದ್ಯರಿಗೆ ಹೇಳಲು ಅದು ಅಡ್ಡಿ ಬರುವುದಿಲ್ಲ.

ಇನ್ನು ನೀವು ಕೇಳಿದ ಬೇರೆ ದಾರಿಗಳು. ಖಾಸಗಿಯಲ್ಲಿ ಸಮಯ ಹೆಚ್ಚು ಸಿಗಬಹುದು, ಪ್ರತಿ ಸಲ ಒಬ್ಬರೇ ವೈದ್ಯರೂ ಸಿಗಬಹುದು. ಆದರೆ ಇದು ವರ್ಷಗಟ್ಟಲೆ ನಡೆಯುವ ಚಿಕಿತ್ಸೆ. ಸಾಲದ ದುಡ್ಡು ಮುಗಿದ ದಿನ ಮಾತ್ರೆ ನಿಂತರೆ ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ತೀರಾ ಅನುಮಾನ ಇದ್ದರೆ ಒಂದೇ ಸಲ ದೀರ್ಘ ಭೇಟಿಗೆ ಹೋಗಿ, ಅಭಿಪ್ರಾಯ ಬರೆಸಿಕೊಂಡು ಬಂದು ನಿಮ್ಮ ಆಸ್ಪತ್ರೆಯಲ್ಲಿ ತೋರಿಸಿ. ಹೋಗುವಾಗ ಹಳೆಯ ಡಿಸ್ಚಾರ್ಜ್ ಕಾರ್ಡು, ರಿಪೋರ್ಟ್ ಎಲ್ಲ ಇರಲಿ. ತನ್ನ ವೈದ್ಯಕೀಯ ದಾಖಲೆ ಕೇಳಿ ಪಡೆಯುವ ಹಕ್ಕನ್ನು ಅದೇ ಕಾಯ್ದೆ ನಿಮ್ಮ ತಮ್ಮನಿಗೆ ಕೊಟ್ಟಿದೆ. ಇಬ್ಬರು ವೈದ್ಯರ ಮಾತ್ರೆಯನ್ನು ಒಟ್ಟಿಗೆ ನುಂಗಿಸುವ ತಪ್ಪು ಮಾತ್ರ ಆಗಬಾರದು.

ನೀವೊಬ್ಬರೇ ಹೋಗಿ ಮಾತ್ರೆ ತರುವುದು, ಮಳೆ, ಸುಗ್ಗಿ, ಜ್ವರ ಅಂತ ಯಾವಾಗಲೋ ಒಮ್ಮೆ ಪರವಾಗಿಲ್ಲ. ಆಸ್ಪತ್ರೆಯವರು ಒಪ್ಪಬೇಕು ಅಷ್ಟೆ. ಅದನ್ನೇ ರೂಢಿ ಮಾಡಿಕೊಳ್ಳಬೇಡಿ. ನಡುಗುವ ಕೈಯನ್ನು ಚೀಟಿ ತೋರಿಸುವುದಿಲ್ಲ. ಈಗಂತೂ ಬೇಡವೇ ಬೇಡ.

ನನಗೆ ಸರಿ ಕಾಣುವ ದಾರಿ ಇದು. ಈ ನಡುಕ ಇತ್ಯರ್ಥವಾಗಿ ಎರಡು ಮೂರು ತಿಂಗಳು ಸ್ಥಿರವಾಗಿದ್ದರೆ, ದೊಡ್ಡ ಆಸ್ಪತ್ರೆಗೆ ಎರಡು ಮೂರು ತಿಂಗಳಿಗೊಮ್ಮೆ ಬಂದರೆ ಸಾಕಾ ಅಂತ ಕೇಳಿ. ನಡುವಿನ ತಿಂಗಳಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋಗಿ. 2014ರಲ್ಲಿ ಶುರುವಾದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಅಲ್ಲಿಯೇ ವಿಚಾರಿಸಿ. ಲಿಥಿಯಂ ಸ್ಟಾಕ್ ಇದೆಯಾ ಅಂತಲೂ ಕೇಳಿಕೊಳ್ಳಿ. ಮನೆಯಲ್ಲಿ ಒಂದು ವಾರದ ಮಾತ್ರೆ ಯಾವಾಗಲೂ ಹೆಚ್ಚಿಗೆ ಇರಲಿ. ಎರಡು ಭೇಟಿಗಳ ನಡುವೆ "ಈ ಮಾತ್ರೆ ತಗೊಳ್ಳಬಹುದಾ, ಒಂದು ಡೋಸು ಮರೆತೆ ಏನು ಮಾಡಲಿ" ಅನ್ನುವಂಥ ಪ್ರಶ್ನೆಗಳಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇದೆ. 14416ಕ್ಕೆ ಫೋನ್ ಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಸೇವೆ. ಅವರ ಮುಂದೆ ನಿಮ್ಮ ತಮ್ಮನ ಫೈಲು ಇರುವುದಿಲ್ಲ, ಹಾಗಾಗಿ ಎಲ್ಲ ಮಾತ್ರೆಗಳ ಹೆಸರು, ಡೋಸು ಓದಿ ಹೇಳಿ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದ ಮೇಲೆ ವಿಡಿಯೋ ಮೂಲಕ ನೋಡುವುದಕ್ಕೂ ಅವಕಾಶ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಉಂಟಾ ಅಂತ ಕೇಳಿ ನೋಡಿ.

ಕೊನೆಗೆ ಮದುವೆ. ಇದನ್ನು ಓಪಿಡಿಯ ಕ್ಯೂನಲ್ಲಿ ನಿಂತು ಕೇಳಬೇಡಿ. ಸಮಾಜ ಕಾರ್ಯಕರ್ತರ ಹತ್ತಿರ ಬೇರೆ ದಿನ ಕೇಳಿಕೊಂಡು, ತಮ್ಮನನ್ನೂ ಕೂರಿಸಿಕೊಂಡು ಮಾತಾಡಿ. ಬೈಪೋಲಾರ್ ಇರುವವರು ಮದುವೆಯಾಗಿ ಚೆನ್ನಾಗಿ ಬಾಳುತ್ತಾರೆ. ಆದರೆ "ಮದುವೆ ಆದರೆ ಸರಿಹೋಗ್ತಾನೆ" ಅನ್ನುವುದು ಸುಳ್ಳು. "ಹುಡುಗಿ ಕಡೆಯವರಿಗೆ ಗೊತ್ತಾಗದಿರಲಿ, ಆರು ತಿಂಗಳು ಮಾತ್ರೆ ನಿಲ್ಲಿಸೋಣ" ಅನ್ನುವುದು ಅದಕ್ಕಿಂತ ಅಪಾಯ. ಮದುವೆ ಮನೆಯ ನಿದ್ದೆಗೇಡು, ಓಡಾಟ, ಒತ್ತಡವೇ ಈ ಕಾಯಿಲೆ ಏರಲು ಸಾಕು, ಅದರ ಮೇಲೆ ಮಾತ್ರೆಯೂ ಇಲ್ಲ ಅಂದರೆ ಹೇಳುವುದೇ ಬೇಡ. ಮುಚ್ಚಿಟ್ಟು ಮಾಡಬೇಡಿ. ಹೇಗೆ ಹೇಳುವುದು, ಯಾವಾಗ ಹೇಳುವುದು ಅನ್ನುವುದಕ್ಕೆ ಸಮಾಜ ಕಾರ್ಯಕರ್ತರು ಸಹಾಯ ಮಾಡುತ್ತಾರೆ. ಎರಡೂ ಕಡೆಯವರು ಒಪ್ಪಿದರೆ ಹುಡುಗಿಯನ್ನೂ ಒಮ್ಮೆ ಕರೆತರಲು ಹೇಳಬಹುದು. ತಾರೀಕು ನಿಶ್ಚಯವಾದರೆ ಡಾಕ್ಟರಿಗೆ ಒಂದೆರಡು ತಿಂಗಳು ಮೊದಲೇ ತಿಳಿಸಿ. ಆ ವಾರಗಳಿಗೆ ಮಾತ್ರೆ, ನಿದ್ದೆ ಹೇಗಿರಬೇಕು ಅಂತ ಅವರು ಬರೆದುಕೊಡುತ್ತಾರೆ.